ಒಂದು ಸಹಿ ಕಮ್ಮಿ

ಎಡಗಡೆಯ ಎರಡನೇ ಡ್ರಾಯರಿನಲ್ಲಿ, ಟೆಲಿಫೋನ್ ಪುಸ್ತಕದ ಅಡಿಯಲ್ಲಿ, ಆ ಕಾಗದವಿತ್ತು. ಅದು ಅಲ್ಲಿದೆ ಎಂಬುದು ಲವೋನ್ ಹ್ರುಸ್ಕಾ ಒಬ್ಬಳನ್ನು ಬಿಟ್ಟರೆ ಇಡೀ ನೆಬ್ರಾಸ್ಕಾದಲ್ಲಿ ಒಂದು ನೊಣಕ್ಕೂ ಗೊತ್ತಿರಲಿಲ್ಲ. ಬೆಳಿಗ್ಗೆ ಎಂಟಕ್ಕೆ ಬಂದು, ಕೋಟು ತೂಗುಹಾಕಿ, ಕಾಫಿ ಕಾಯಲಿಕ್ಕಿಟ್ಟು ಕುರ್ಚಿಯಲ್ಲಿ ಕೂತವಳು ಮೊದಲು ಮಾಡಿದ ಕೆಲಸವೆಂದರೆ ಮೊಣಕಾಲಿನಿಂದ ಆ ಡ್ರಾಯರನ್ನು ಒತ್ತಿ ನೋಡಿದ್ದು, ಸರಿಯಾಗಿ ಮುಚ್ಚಿದೆಯೋ ಇಲ್ಲವೋ ಎಂದು. ಮುಚ್ಚಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಒತ್ತಿದಳು. ಒಂಬತ್ತು ಗಂಟೆಯ ಹೊತ್ತಿಗೆ ಮೊಣಕಾಲು ನೋಯತೊಡಗಿತ್ತು. ಅರವತ್ತಾರು ವರ್ಷದ ಮೊಣಕಾಲು. ಮೂರು ಮಹಡಿಯ ಮೆಟ್ಟಿಲುಗಳನ್ನು ಮೂವತ್ತೊಂದು ವರ್ಷ ಹತ್ತಿ ಇಳಿದು, ಚಂದ್ರಲೋಕಕ್ಕೆ ಎರಡು ಸಲ ನಡೆದು ಹೋಗಿ ಬಂದಷ್ಟು ಸವೆದದ್ದು. ಇವತ್ತಿಗೆ ಅದರ ಚಾಕರಿ ಮುಗಿಯುತ್ತದೆ. ಮಧ್ಯಾಹ್ನ ಬೀಳ್ಕೊಡುಗೆಯ ಊಟ, ಭಾಷಣ, ಕೇಕು. ಐದು ಗಂಟೆಯೊಳಗೆ ಆ ವರ್ಷ ಆನರ್ಸ್ ಮುಗಿಸಿದವರ ಪಟ್ಟಿಯನ್ನು ರಿಜಿಸ್ಟ್ರಾರ್ ಕಚೇರಿಗೆ ಮುಟ್ಟಿಸುವುದು. ಆಮೇಲೆ ಮನೆ. ಪಟ್ಟಿಯಲ್ಲಿ ಮೂವತ್ತೆಂಟು ಹೆಸರಿದ್ದವು. ಮೂವತ್ತೊಂಬತ್ತನೆಯದು ಡ್ರಾಯರಿನಲ್ಲಿತ್ತು.

ಈ ಆನರ್ಸ್ ಎನ್ನುವುದು ಸ್ವರ್ಗದ ಬಾಗಿಲಿಗಿಂತ ಕಿರಿದು ಎಂದು ಲವೋನ್ ಹೊಸದಾಗಿ ಸೇರಿದ ಹುಡುಗರಿಗೆಲ್ಲ ಹೇಳುತ್ತಿದ್ದಳು: ಅಲ್ಲಿ ಸಂತ ಪೀಟರನನ್ನಾದರೂ ಪುಸಲಾಯಿಸಬಹುದು, ಇಲ್ಲಿ ಕೂತಿರೋಳು ನಾನು. ನಾಲ್ಕಕ್ಕೆ ಮೂರೂವರೆ ಸರಾಸರಿ. ಅದಕ್ಕಿಂತ ಒಂದು ಕೂದಲೆಳೆ ಕೆಳಗೆ ಜಾರಿದರೂ ಹೊರಗೆ. ಇಪ್ಪತ್ನಾಲ್ಕು ಕ್ರೆಡಿಟ್ಟು ಆನರ್ಸ್ ಪಾಠಗಳಲ್ಲೇ ಆಗಬೇಕು. ಎರಡು ವರ್ಷ ಪರಭಾಷೆ. ಅರವತ್ತು ಗಂಟೆ ಪರೋಪಕಾರ, ಅದಕ್ಕೂ ಸಾಕ್ಷಿಯ ಸಹಿ. ಕೊನೆಗೆ ಒಂದು ಪ್ರಬಂಧ, ಮೂವರು ಪ್ರೊಫೆಸರುಗಳ ಎದುರು ನಿಂತು ಅದನ್ನು ಸಮರ್ಥಿಸಿಕೊಳ್ಳುವ ಶಿಕ್ಷೆ. ಮಾಮೂಲಿ ಪಾಠವೊಂದನ್ನು ಆನರ್ಸಿಗೆ ಸೇರಿಸಿಕೊಳ್ಳಬೇಕೆಂದರೆ ಟರ್ಮಿನ ಮೊದಲ ಎರಡು ವಾರದಲ್ಲಿ ಒಪ್ಪಂದದ ಫಾರಂ ಕೊಡಬೇಕು. ಈ ವಿದ್ಯಾರ್ಥಿಯಿಂದ ಇಂತಿಷ್ಟು ಹೆಚ್ಚಿನ ಕೆಲಸ ಮಾಡಿಸುತ್ತೇನೆ ಎಂದು ಪ್ರೊಫೆಸರರ ಸಹಿ, ಆಗಲಿ ಎಂದು ವಿಭಾಗದ ಮುಖ್ಯಸ್ಥರ ಸಹಿ. ಬಿಳಿ, ಹಳದಿ, ಗುಲಾಬಿ, ಮೂರು ಪದರ, ನಡುವೆ ಕಾರ್ಬನ್. ಏನಾದರೂ ಕೊರತೆಯಿದ್ದರೆ ಕಚೇರಿಯು ಹತ್ತು ದಿನದೊಳಗೆ ಅದನ್ನು ವಾಪಸು ಕಳಿಸಬೇಕು. ಈ ಕಡೆಯ ನಿಯಮವೊಂದು ಮಾತ್ರ ವಿದ್ಯಾರ್ಥಿಗಳಿಗಲ್ಲ, ಲವೋನ್‌ಗೆ. ಇಷ್ಟೆಲ್ಲ ಬಾಯಿಪಾಠವಿದ್ದ ಲವೋನ್ ಕಾಲೇಜಿನ ಒಂದು ಪಾಠಕ್ಕೂ ಕೂತವಳಲ್ಲ. ಹೈಸ್ಕೂಲು ಮುಗಿಸಿದ ಜೂನ್‌ನಲ್ಲೇ ಮೈಲೋನನ್ನು ಮದುವೆಯಾಗಿ ಜೋಳದ ಹೊಲಕ್ಕೆ ಹೋದವಳು. ಹಾಗಿದ್ದೂ ಡೀನರ ಮಗನೇ ಬಂದರೂ ಈ ಮೇಜಿನೆದುರು ಬೆವರುತ್ತಿದ್ದ. ಟೋಪಿ ತೆಗೆಯದೆ ಒಳಗೆ ಬಂದ ಸೆನೆಟರನ ಮೊಮ್ಮಗನನ್ನು ಅವಳು ಹೊರಗೆ ಕಳಿಸಿ, ಮತ್ತೆ ಬಾಗಿಲು ತಟ್ಟಿಸಿ ಒಳಗೆ ಕರೆದಿದ್ದಳು. ಆ ಕತೆಯನ್ನು ಹೇಳುತ್ತ ಹೇಳುತ್ತ ಮೊಮ್ಮಗ ಹೋಗಿ ಸೆನೆಟರನೇ ಆಗಿಬಿಟ್ಟಿದ್ದ. ಮೈಲೋ ಬದುಕಿದ್ದಾಗ ಪ್ರತಿ ಸಲವೂ ನಗುತ್ತಿದ್ದ. ಅವನು ಹೋಗಿ ನಾಲ್ಕು ವರ್ಷವಾಯಿತು. ಮನೆಗೆ ಹೋದರೆ ಈಗ ಸೆನೆಟರನೂ ಇಲ್ಲ, ನಗುವವನೂ ಇಲ್ಲ.

ಎರಡು ದಿನದ ಹಿಂದೆ, ಮಂಗಳವಾರ, ಸಾಲಿನಲ್ಲಿ ಇಬ್ಬರು ಹುಡುಗರ ಮುಂದೆ ನಿಂತಿದ್ದಳು ಯಾರೆಲಿ ಒಂತಿವೆರೋಸ್. ತಂದೆ ತಾಯಿ ಇಬ್ಬರೂ ಲೆಕ್ಸಿಂಗ್ಟನ್ನಿನ ಮಾಂಸದ ಕಾರ್ಖಾನೆಯಲ್ಲಿ. ತಂದೆ ಕಡಿಯುವ ಕಡೆ, ತಾಯಿ ಚೂರು ಮಾಡುವ ಸಾಲಿನಲ್ಲಿ. ಮೆಕ್ಸಿಕೋದಿಂದ ಬಂದು ಹನ್ನೆರಡು ವರ್ಷ. ಹುಡುಗಿ ಎರಡು ಕೈಯನ್ನೂ ಮೇಜಿನ ಅಂಚಿಗೆ ಊರಿಕೊಂಡು, ಬಿದ್ದುಹೋಗದ ಹಾಗೆ ನಿಂತಿದ್ದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಮೂರು ಕ್ರೆಡಿಟ್ಟು ಕಮ್ಮಿ. ಪ್ರಾಣಿಗಳ ಅಂಗರಚನೆಯ ಪಾಠಕ್ಕೆ ಒಪ್ಪಂದದ ಫಾರಂ ಇಲ್ಲ.

"ನಾನು ಕೊಟ್ಟಿದ್ದೆ ಮಿಸೆಸ್ ಹ್ರುಸ್ಕಾ. ಜನವರೀಲಿ. ನಿಮ್ಮ ಕೈಗೇ."

"ನನ್ನ ಕೈಗಾ?" ಲವೋನ್ ತನ್ನ ಎರಡು ಕೈಯನ್ನೂ ತಿರುಗಿಸಿ ಮುರುಗಿಸಿ ನೋಡಿಕೊಂಡಿದ್ದಳು. "ನೋಡು ಕೂಸೇ, ಕೊಟ್ಟೆ ಕೊಟ್ಟೆ ಅಂತ ಜನ ಹೇಳೋ ಫಾರಂನೆಲ್ಲ ಒಂದರ ಮೇಲೊಂದು ಪೇರಿಸಿದ್ರೆ, ಅದರ ತುದೀಲಿ ನಿಂತು ಡೆನ್ವರ್ ನೋಡ್ಬಹುದು."

ಹಿಂದಿದ್ದ ಹುಡುಗರು ನಕ್ಕರು. ಯಾರೆಲಿ ನಗಲಿಲ್ಲ.

"ಕೆಲಸಾನೂ ಪೂರ್ತಿ ಮಾಡಿದೀನಿ. ದನದ ಹೃದಯದ ಅರವತ್ತು ಚಿತ್ರ ಬರ್ದಿದೀನಿ. ಅಪ್ಪ ಪ್ಲಾಂಟಿಂದ ತಂದ್ಕೊಡ್ತಿದ್ರು."

"ಹೃದಯ ಅರವತ್ತಿದ್ರೂ ಫಾರಂ ಒಂದಿರ್ಬೇಕಲ್ಲ ತಾಯೀ. ಪ್ರೊಫೆಸರ್ ಹೋಲ್ಮ್‌ನ ಕೇಳ್ದೆಯಾ?"

"ಕೇಳ್ದೆ."

ಕೇಳಿದರೇನು ಬಂತು. ಹೋಲ್ಮ್ ಮಾರ್ಚಿನಲ್ಲಿ ಅದೇ ಅಂಗರಚನೆಯ ಪಾಠ ಮಾಡುತ್ತಿದ್ದಂತೆಯೇ ಕುಸಿದು ಬಿದ್ದು, ಈಗ ವೃದ್ಧರ ಆರೈಕೆ ಮನೆಯಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾರೆ. ಹುಡುಗಿ ಎರಡು ಬಸ್ಸು ಬದಲಿಸಿ ಹೋಗಿ ಕೈ ಹಿಡಿದು ಕೇಳಿದ್ದಕ್ಕೆ, ಕುದುರೆಗಳಿಗೆ ಮೇವು ಹಾಕಿದೆಯಾ ಅಂದರಂತೆ. ಅದನ್ನು ಹೇಳುತ್ತ ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮೆಡಿಕಲ್ ಸೀಟೂ ಇಲ್ಲ: ಮುಂದೆ ಹಳ್ಳಿಗಾಡಿನಲ್ಲಿ ಡಾಕ್ಟರಾಗಿ ದುಡಿಯುತ್ತೇವೆ ಎನ್ನುವವರಿಗೆ ಇಟ್ಟ ಸೀಟು, ಆನರ್ಸ್ ಮುಗಿಸಿರಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದು. ಲವೋನ್ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳ ಮುಂದೆ ತಳ್ಳಿ, "ಮುಂದಿನವರು" ಎಂದು ಕೂಗಿದ್ದಳು. ಅಷ್ಟು ಹೊತ್ತಿನವರೆಗೆ ಅವಳು ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ಮರೆತಿದ್ದಳು. ಈ ಒಂದು ಮಾತನ್ನು ಅವಳು ಎರಡು ದಿನದಿಂದ ನಾಲಗೆಯ ಮೇಲಿಟ್ಟುಕೊಂಡು ಚಪ್ಪರಿಸುತ್ತಿದ್ದಳು, ಸಕ್ಕರೆಯೆಲ್ಲ ಕರಗಿಹೋದ ಮೇಲೂ. ಅವತ್ತೇ ಮಧ್ಯಾಹ್ನ ಕೇಕಿನ ಅಂಗಡಿಯ ನಂಬರಿಗೆಂದು ಟೆಲಿಫೋನ್ ಪುಸ್ತಕ ಎತ್ತಿದಳು. ಅಡಿಯಲ್ಲಿ ಬಿಳಿ, ಹಳದಿ, ಗುಲಾಬಿ, ಮೂರೂ ಬಿಡಿಸದೆ ಹಾಗೇ ಇದ್ದವು. ಮೇಲೆ ಅವಳದೇ ಕೈಯಿಂದ ಒತ್ತಿದ ನೀಲಿ ಮೊಹರು: ಸ್ವೀಕರಿಸಲಾಗಿದೆ, ಜನವರಿ ೧೪, ೧೯೯೪. ಮೊಹರು ಕಂಡದ್ದೇ ತಡ, ಮರೆವು ಸೀಳಿ ಜನವರಿಯ ಆ ಮಧ್ಯಾಹ್ನವೆಲ್ಲ ಹೊರಗೆ ಬಿತ್ತು.

ಹೊರಗೆ ಹಿಮ ಹುಚ್ಚು ಹಿಡಿದ ಹಾಗೆ ಬೀಳುತ್ತಿತ್ತು. ಹುಡುಗಿಯ ಬೂಟಿನಿಂದ ಕರಗಿದ ನೀರು ಮೇಜಿನ ಕೆಳಗೆ ಹರಿದು ಬರುತ್ತಿತ್ತು. ಆನರ್ಸ್ ಕಾರ್ಯಕ್ರಮದ ನಿರ್ದೇಶಕ ಡಾಕ್ಟರ್ ಬ್ರೂಸ್ಟರ್ ಕಾಫಿ ಪಾತ್ರೆಯ ಹತ್ತಿರ, ಹೊರಗಿನಿಂದ ಬಂದ ಇಬ್ಬರು ಪ್ರೊಫೆಸರುಗಳ ಜೊತೆ ನಿಂತಿದ್ದರು. ಲವೋನ್ ಫಾರಂ ಓದುತ್ತಿರುವಾಗ ಹುಡುಗಿ, ಸುಮ್ಮನೆ ನಿಲ್ಲಲಾರದೆ, ಮರ್ಯಾದೆಗೆ ಒಂದು ಮಾತಾಡಬೇಕಲ್ಲ ಎಂದು ಕೇಳಿದಳು: "ಮಿಸೆಸ್ ಹ್ರುಸ್ಕಾ, ನೀವು ಇಲ್ಲಿ ಓದುವಾಗ ಯಾವ ಪಾಠ ನಿಮಗೆ ತುಂಬ ಇಷ್ಟ ಇತ್ತು?" ಆ ದನಿಯಲ್ಲಿ ವಿಷವಿರಲಿಲ್ಲ. ಇವಳೂ ಓದಿದವಳೇ ಇರಬೇಕು, ಇಷ್ಟೆಲ್ಲ ತಿಳಿದುಕೊಂಡಿದ್ದಾಳಲ್ಲ ಎಂಬ ನಂಬಿಕೆಯಿತ್ತು, ಅದೇ ವಿಷವಾಯಿತು. ಲವೋನ್ ಒಂದು ಕ್ಷಣ, ಒಂದೇ ಒಂದು ಕ್ಷಣ, ನಿಜಕ್ಕೂ ಒಂದು ಪಾಠದ ಹೆಸರು ಹೇಳಬೇಕೆಂದುಕೊಂಡಳು. ಖಗೋಳ ಶಾಸ್ತ್ರ ಎನ್ನಬೇಕೆಂದು ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಬ್ರೂಸ್ಟರ್ ಕಾಫಿ ಪಾತ್ರೆಯ ಕಡೆಯಿಂದ, "ಲವೋನ್‌ನಾ? ಅವರು ಓದಕ್ಕೆ ಬಂದವರಲ್ಲಮ್ಮ. ಕಟ್ಟಡದ ಜೊತೆಗೇ ಬಂದವರು. ಮೊದಲು ಬಾಯ್ಲರ್ ಇಟ್ರು, ಆಮೇಲೆ ಲವೋನ್‌ನ ಇಟ್ರು, ಆಮೇಲೆ ಗೋಡೆ ಕಟ್ಟಿದ್ರು" ಎಂದರು. ಪ್ರೊಫೆಸರುಗಳು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಲವೋನ್. ನಗುತ್ತ ನಗುತ್ತಲೇ ಫಾರಂನ ಕೊನೆಯ ಸಾಲು ಖಾಲಿಯಿರುವುದನ್ನು ಕಂಡಳು. ಹೋಲ್ಮ್ ಆ ಟರ್ಮಿಗೆ ಮುಖ್ಯಸ್ಥರೂ ತಾವೇ ಆಗಿದ್ದರು; ಎರಡು ಕಡೆ ಸಹಿ ಹಾಕಬೇಕಾದ ಮುದುಕ ಒಂದೇ ಕಡೆ ಹಾಕಿ ಬಿಟ್ಟಿದ್ದರು. ಬೇರೆ ಯಾವ ದಿನವಾದರೂ ಫೋನೆತ್ತಿ, ಪ್ರೊಫೆಸರೇ ನಿಮ್ಮ ಇನ್ನೊಂದು ಅವತಾರದ ಸಹಿಯೂ ಬೇಕು ಎಂದು ರೇಗಿಸಿ ಮುಗಿಸುತ್ತಿದ್ದಳು. ಅವತ್ತು ಮೊಹರು ಒತ್ತಿದಳು. ಹುಡುಗಿ, "ಎಲ್ಲ ಸರಿಯಿದೆಯಾ?" ಅಂದಳು. "ಹೋಗಮ್ಮಾ, ಆಯ್ತು" ಎಂದಳು ಲವೋನ್. ಇನ್ನೊಂದು ಸಲ ಮೂರು ಮಹಡಿ ಹತ್ತಲಿ, ಅಂದುಕೊಂಡಳು. ಮುಂದಿನ ವಾರ ಚೀಟಿ ಕಳಿಸಿದರಾಯಿತು, ಈ ಹಿಮದಲ್ಲೇ ಇನ್ನೊಂದು ಸಲ ಬರಲಿ, ಬೂಟು ಕಳಚಿಕೊಂಡು ಬರಲಿ. ಇಷ್ಟೇ. ಇದಕ್ಕಿಂತ ದೊಡ್ಡ ಕೇಡನ್ನೇನೂ ಅವಳು ಬಯಸಿರಲಿಲ್ಲ. ಆ ವಾರ ಕೊಳವೆ ಒಡೆದು ಕಚೇರಿಯೆಲ್ಲ ನೀರಾಯಿತು, ಅದರ ಮುಂದಿನ ವಾರ ಅವಳಿಗೇ ಜ್ವರ. ಚೀಟಿ ಹೋಗಲಿಲ್ಲ; ಡ್ರಾಯರಿನಲ್ಲಿಟ್ಟ ಫಾರಂ ಮೇಲೆ ಟೆಲಿಫೋನ್ ಪುಸ್ತಕ ಬಿತ್ತು.

ಮಧ್ಯಾಹ್ನ ಬೀಳ್ಕೊಡುಗೆಯ ಊಟಕ್ಕೆ ಮೂರು ವಿಭಾಗದವರು ಸೇರಿದ್ದರು. ಒಬ್ಬೊಬ್ಬರೂ ಒಂದೊಂದು ಅಡುಗೆ ಮಾಡಿಕೊಂಡು ಬರುವ ಪದ್ಧತಿ. ಉದ್ದ ಮೇಜಿನ ಮೇಲೆ ಹಂದಿ ತೊಡೆಯ ಮಾಂಸ, ಹಾಲಲ್ಲಿ ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್ ತುರಿ ಹಾಕಿ ನಡುಗುತ್ತಿರುವ ಹಸಿರು ಜೆಲ್ಲಿ, ಗಸಗಸೆ ತುಂಬಿದ ಕೊಲಾಚೆ ಎಂಬ ಚೆಕ್ ಸಿಹಿ ಬನ್ನು. ಕೊಲಾಚೆ ಲವೋನ್ ತಾನೇ ಮಾಡಿ ತಂದದ್ದು. ತನ್ನ ತಿಥಿಯ ಊಟಕ್ಕೆ ತಾನೇ ಬಡಿಸುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ ಎಂದು ಎಲ್ಲರನ್ನೂ ನಗಿಸಿದಳು. ಬಾಯಲ್ಲಿ ಗಸಗಸೆ ಮರಳಿನ ಹಾಗೆ ಕರಕರ ಅನ್ನುತ್ತಿತ್ತು. ಫಾರಂನ ಮೇಲಿನ ತಾರೀಕು ಒಂದಿರದಿದ್ದರೆ, ಎಂದು ಅವಳ ತಲೆ ಜೆಲ್ಲಿಯ ಹಾಗೆ ನಡುಗುತ್ತಲೇ ಇತ್ತು. ತಾರೀಕು ಇಲ್ಲದಿದ್ದರೆ ಇವತ್ತೇ ಅಂಚೆಯಲ್ಲಿ ಬಂತು ಎನ್ನಬಹುದಿತ್ತು, ಹೋಲ್ಮ್‌ನ ಪುಸ್ತಕದ ನಡುವೆ ಸಿಕ್ಕಿತು ಎನ್ನಬಹುದಿತ್ತು. ಮೊಹರು ಒತ್ತುವ ಚಟ. ಮೂವತ್ತೊಂದು ವರ್ಷದಲ್ಲಿ ಈ ಕೈ ಮೊಹರು ಒತ್ತದೆ ಬಿಟ್ಟದ್ದು ಮೈಲೋನ ಹಣೆ ಒಂದನ್ನೇ. ಸುಮ್ಮನೆ ಪಟ್ಟಿಯಲ್ಲಿ ಹೆಸರು ಟೈಪು ಮಾಡಿಬಿಡೋಣವೆಂದರೆ ಬ್ರೂಸ್ಟರ್ ಪ್ರತಿ ಹೆಸರಿನ ಕಡತ ತೆಗೆದು, ಗುಲಾಬಿ ಕಾಗದ ನೋಡಿಯೇ ಸಹಿ ಹಾಕುವುದು. ಅದನ್ನು ಅವರಿಗೆ ರೂಢಿ ಮಾಡಿಸಿದವಳೂ ಅವಳೇ.

ಬ್ರೂಸ್ಟರ್ ಚಮಚೆಯಿಂದ ಲೋಟ ತಟ್ಟಿದರು. ನೀಲಿ ಪಟ್ಟಿಗೆ ಕಟ್ಟಿದ ಆನರ್ಸ್ ಪದಕ ಅವರ ಕೈಯಲ್ಲಿತ್ತು. ಪದವಿ ಸಮಾರಂಭದಲ್ಲಿ ಹುಡುಗರ ಕೊರಳಿಗೆ ಹಾಕುವುದೇ ಅದು.

"ಇಪ್ಪತ್ನಾಲ್ಕು ಕ್ರೆಡಿಟ್ಟು? ಇಲ್ಲ. ಪ್ರಬಂಧ? ಇಲ್ಲ. ಪರಭಾಷೆ? ಚೆಕ್ ಭಾಷೆಯ ಬೈಗುಳ ನಾವು ಎಣಿಸಲ್ಲ," ಎಂದರು. "ಒಂದೇ ಒಂದು ನಿಯಮಾನೂ ಪೂರೈಸದೆ ಈ ಪದಕ ತಗೊಳ್ತಿರೋರು ಇವರೊಬ್ಬರೇ. ಇನ್ನೊಬ್ಬರಿಗೆ ಹೀಗೆ ಕೊಟ್ರೆ ಲವೋನ್ ನನ್ನ ಕೊಂದೇ ಹಾಕ್ತಾರೆ."

ಚಪ್ಪಾಳೆ. ಪದಕ ತಣ್ಣಗೆ ಎದೆಯ ಮೇಲೆ ಬಿತ್ತು. ಯಾರೋ ಫೋಟೋ ತೆಗೆದರು. "ಭಾರ ನೋಡಿ, ಬೆನ್ನು ಮುರಿಯತ್ತೆ, ಅದಕ್ಕೇ ಇದನ್ನ ಹುಡುಗರಿಗೆ ಕೊಡೋದು," ಎಂದಳು ಲವೋನ್. ಮತ್ತೆ ನಗು. ಇಷ್ಟು ವರ್ಷ ಅವಳು ಈ ಜನರನ್ನು ನಗಿಸಿದ್ದೇ ಹೀಗೆ, ತನ್ನನ್ನೇ ಒಂದು ತುಂಡು ಕೊಯ್ದು ತಟ್ಟೆಗೆ ಹಾಕಿ. ಅವರು ಕೇಳುವ ಮುಂಚೆಯೇ ಹಾಕಿಬಿಟ್ಟರೆ ಅವರು ಕೊಯ್ಯುವ ಗೋಜಿಲ್ಲ. ಜನವರಿಯಲ್ಲಿ ಒಂದು ಸಲ ಅವಳು ತಡಮಾಡಿದ್ದಳು, ಅಷ್ಟೇ. ಖಗೋಳ ಶಾಸ್ತ್ರ. ಎಲ್ಲಿಂದ ಬಂದಿತ್ತೋ ಆ ಪದ.

ತಟ್ಟೆಗಳನ್ನು ಎತ್ತುವಾಗ ಬ್ರೂಸ್ಟರ್ ಒಬ್ಬರೇ ಸಿಕ್ಕಿದರು. "ಡಾಕ್ಟರ್ ಬ್ರೂಸ್ಟರ್, ಆ ಒಂತಿವೆರೋಸ್ ಹುಡುಗಿ ಇದಾಳಲ್ಲ," ಎಂದು ಶುರುಮಾಡಿದಳು.

"ಪಾಪ," ಎಂದರು ಅವರು, ಬಾಯೊರೆಸಿಕೊಳ್ಳುತ್ತ. "ಮೆಡಿಕಲ್ ಕಾಲೇಜಿನೋರು ನಿನ್ನೆ ಫೋನ್ ಮಾಡಿದ್ರು. ನಾಳೆ ಬೆಳಿಗ್ಗೆ ಪಟ್ಟಿ ನೋಡ್ತಾರಂತೆ. ಹೆಸರಿಲ್ಲ ಅಂದ್ರೆ ಸೀಟು ಮುಂದಿನವರಿಗೆ. ಏನ್ಮಾಡೋದು ಹೇಳಿ, ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡ್ಬೇಕು. ಇದನ್ನ ನನಗೆ ಕಲಿಸಿದ್ದೇ ನೀವಲ್ವಾ?"

ಭುಜ ತಟ್ಟಿ ಹೋದರು. ಬಾಯೊಳಗಿದ್ದ ಮಾತು ಬಾಯೊಳಗೇ ಗಸಗಸೆಯ ಜೊತೆ ಉಳಿಯಿತು. ಹೇಳುತ್ತಿದ್ದೆ, ಅವರೇ ಬಿಡಲಿಲ್ಲ, ಎಂದು ಅವಳು ಮೆಟ್ಟಿಲು ಹತ್ತುತ್ತ ಯಾರಿಗೋ ಒಪ್ಪಿಸಿದಳು. ಯಾರೂ ಒಪ್ಪಿಕೊಳ್ಳಲಿಲ್ಲ. ಹೇಳಿ ಏನಾಗಬೇಕು? ಒಂದು ಸಹಿ ಕಮ್ಮಿಯಿದ್ದದ್ದು ನಿಜ ತಾನೆ. ನಿಯಮದ ಪ್ರಕಾರ ಆ ಫಾರಂ ಫಾರಂ ಅಲ್ಲವೇ ಅಲ್ಲ. ತಪ್ಪು ಹೋಲ್ಮ್‌ದು. ಕುದುರೆಗಳಿಗೆ ಮೇವು ಹಾಕುವ ಹೋಲ್ಮ್‌ದು. ಎರಡನೇ ಮಹಡಿಯ ತಿರುವಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುವಾಗ, ಆ ಮುದುಕನ ಮೇಲೆ ಹೊರಿಸಿದ್ದಕ್ಕೆ ತನಗೇ ಅಸಹ್ಯವಾಯಿತು; ಆ ಅಸಹ್ಯದಲ್ಲೂ ಒಂದಿಷ್ಟು ಸಮಾಧಾನವಿತ್ತು, ನೋಡು, ನಾನೇನು ಅಷ್ಟು ಕೆಟ್ಟವಳಲ್ಲ, ಅಸಹ್ಯಪಟ್ಟುಕೊಳ್ಳುತ್ತಿದ್ದೇನೆ ಎಂದು. ಮನಸ್ಸೆಂಬುದು ಎಂಥ ಲಾಯರ್ ನೋಡಿ, ಸೋತ ಮೊಕದ್ದಮೆಗೂ ಫೀಜು ಕೇಳುತ್ತದೆ.

ನಾಲ್ಕು ಗಂಟೆಗೆ ಯಾರೆಲಿ ಬಂದಳು. ಬಾಗಿಲು ತೆರೆದೇ ಇತ್ತು, ಆದರೂ ತಟ್ಟಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಚರ್ಚಿಗೆ ಹೋಗುವವರ ಹಾಗೆ. ಲವೋನ್‌ನ ಮೊಣಕಾಲು ತಾನಾಗಿಯೇ ಡ್ರಾಯರನ್ನು ಒತ್ತಿತು.

"ಪಟ್ಟಿ ಇನ್ನೂ ಹೋಗಿಲ್ಲ, ಆದ್ರೆ ನೀನು ಮತ್ತೆ..." ಎಂದಳು.

"ಅದಕ್ಕಲ್ಲ," ಎಂದಳು ಹುಡುಗಿ. "ಕ್ಷಮೆ ಕೇಳಕ್ಕೆ ಬಂದೆ."

"ಕ್ಷಮೆನಾ?"

"ಮಂಗಳವಾರ ಎಲ್ಲರ ಎದುರಿಗೆ ನಿಮ್ಮ ಕೈಗೇ ಕೊಟ್ಟೆ ಅಂದ್ನಲ್ಲ. ಅಮ್ಮಂಗೆ ಹೇಳ್ದೆ, ಅವಳು ಬೈದ್ಲು. ಪ್ಲಾಂಟಲ್ಲೂ ಹಿಂಗೇ ಅಂತೆ, ಏನು ಕಾಗದ ಕಳೆದ್ರೂ ಆಫೀಸಿನ ಹೆಂಗಸರ ತಲೆಗೇ ಕಟ್ತಾರಂತೆ. ನಿನ್ನ ಓದಿಸಿದ್ದು ಇದಕ್ಕಾ, ಅವರ ಕಡೇ ದಿನ ಇವತ್ತು, ಹೋಗಿ ಕೇಳ್ಕೊಂಡು ಬಾ ಅಂದ್ಲು." ಅವಳು ಬಾಗಿಲ ಚೌಕಟ್ಟಿನ ಬಣ್ಣವನ್ನು ಉಗುರಿಂದ ಕೆರೆಯುತ್ತಿದ್ದಳು. "ರೂಮೆಲ್ಲ ಹುಡುಕ್ದೆ ಮಿಸೆಸ್ ಹ್ರುಸ್ಕಾ. ಹಾಸಿಗೆ ಬಿಚ್ಚಿ ನೋಡ್ದೆ. ಸಿಗ್ಲಿಲ್ಲ. ಕೊಟ್ಟಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಆದ್ರೆ ಕೊಡಬೇಕು ಕೊಡಬೇಕು ಅಂತ ಅಂದ್ಕೊಂಡು ಅಂದ್ಕೊಂಡು ನಾನೇ ಕಟ್ಕೊಂಡಿದ್ದೇನೋ. ನೀವು ಆವತ್ತು ಹಸಿರು ಸ್ವೆಟರ್ ಹಾಕಿದ್ರಿ ಅಂತಾನೂ ನೆನಪು. ಅದೂ ಸುಳ್ಳೇ ಇರ್ಬೇಕು. ನನ್ನ ತಲೇನೇ ಸರಿಯಿಲ್ಲ ಅನ್ಸುತ್ತೆ ಈಗ."

"ಹೋಗ್ಲಿ ಬಿಡು ಕೂಸೇ," ಎಂದಿತು ಲವೋನ್‌ನ ಬಾಯಿ. ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಎಷ್ಟು ಸಲೀಸಾಗಿ, ಎಷ್ಟು ಮೃದುವಾಗಿ ಬಂತು ಆ ಮಾತು! ಕೊಲೆಗಾರ ಸತ್ತವನ ಮನೆಗೆ ಹೋಗಿ ಸಮಾಧಾನ ಹೇಳಿದರೂ ಇಷ್ಟು ಚೆನ್ನಾಗಿ ಹೇಳಲಾರ. "ಥ್ಯಾಂಕ್ಸ್," ಎಂದಳು ಹುಡುಗಿ. ಅವಳ ಮುಖದಲ್ಲಿ ನಿಜವಾಗಿಯೂ ಒಂದು ಭಾರ ಇಳಿದಿತ್ತು. ತಿರುಗಿ ಹೋದಳು. ಅವಳ ಕಾಲಸಪ್ಪಳ ಮೆಟ್ಟಿಲಿಗೆ ಬಂತು. ಒಂದು, ಎರಡು, ಮೂರು. ಇನ್ನು ಇಪ್ಪತ್ತು ಮೆಟ್ಟಿಲಾದರೆ ತಿರುವು. ತಿರುವು ದಾಟಿದರೆ ಕರೆದರೂ ಕೇಳಿಸುವುದಿಲ್ಲ. ಮಾಂಸದ ಸಾಲಿನಲ್ಲಿ ನಿಂತ ಒಬ್ಬ ಹೆಂಗಸು, ಮುಖವನ್ನೇ ನೋಡದ ಒಬ್ಬಳ ಮರ್ಯಾದೆಗಾಗಿ, ತನ್ನ ಮಗಳನ್ನು ತಲೆ ತಗ್ಗಿಸಲು ಕಳಿಸಿದ್ದಾಳೆ. ಲವೋನ್ ಎದ್ದಳು. ಎದ್ದದ್ದು ತಾನು ಎಂದು ಅವಳಿಗೆ ಅನ್ನಿಸಲಿಲ್ಲ. ಪದಕ ಮೇಜಿನ ಅಂಚಿಗೆ ಬಡಿಯಿತು.

"ಹಸಿರು ಸ್ವೆಟರೇ," ಎಂದು ಕೂಗಿದಳು. "ಯಾರೆಲಿ! ಹಸಿರು ಸ್ವೆಟರೇ ಹಾಕಿದ್ದೆ."

ಸಪ್ಪಳ ನಿಂತಿತು. ಆಮೇಲೆ ಮೇಲೆ ಬಂತು.

ಡ್ರಾಯರು ಎಳೆದು, ಪುಸ್ತಕ ಸರಿಸಿ, ಮೂರು ಪದರದ ಫಾರಮನ್ನು ಲವೋನ್ ಮೇಜಿನ ಮೇಲಿಟ್ಟಳು. ಯಾರೆಲಿ ಅದನ್ನು ಮುಟ್ಟಲಿಲ್ಲ. ಬಗ್ಗಿ ಮೊಹರಿನ ತಾರೀಕು ಓದಿದಳು. ಮತ್ತೆ ಓದಿದಳು; ಕಣ್ಣು ಕೆಳಗಿನ ಖಾಲಿ ಸಾಲಿಗೆ ಇಳಿಯಿತು.

"ಯಾವಾಗ ಸಿಕ್ತು?"

"ಮಂಗಳವಾರ. ನೀನು ಹೋದ್ಮೇಲೆ."

"ಮಂಗಳವಾರ," ಎಂದಳು ಹುಡುಗಿ. "ಇವತ್ತು ಗುರುವಾರ."

"ಹೌದು."

"ಈಗ ನಾನು ಕ್ಷಮೆ ಕೇಳ್ದಾಗ ಇದು ಇಲ್ಲೇ ಇತ್ತು."

ಲವೋನ್ ತಲೆಯಾಡಿಸಿದಳು. ಬೈಯಲಿ ಎಂದು ಕಾದಳು. ಕಿರುಚಲಿ, ಮೇಜಿನ ಮೇಲಿನ ಕಾಫಿ ಎತ್ತಿ ಮುಖಕ್ಕೆರಚಲಿ. ಹುಡುಗಿ ಕುರ್ಚಿ ಎಳೆದುಕೊಂಡು ಕೂತಳು. ಕೂತು, ಕಚೇರಿಯ ಲೆಟರ್‌ಹೆಡ್ಡಿನಿಂದ ಒಂದು ಹಾಳೆ ಎಳೆದು ಲವೋನ್‌ನ ಮುಂದಿಟ್ಟಳು. ಆ ಕೈ ಅರವತ್ತು ಹೃದಯಗಳನ್ನು ಬಿಡಿಸಿದ್ದು.

"ಬರ್ಕೊಡಿ. ನಾನು ಕೊಟ್ಟಿದ್ದು, ನೀವು ಇಟ್ಕೊಂಡಿದ್ದು. ಒಂದು ಸಹಿ ಇಲ್ಲ ಅಂತ ನನಗೆ ಹೇಳ್ದೇ ಇದ್ದಿದ್ದು. ತಾರೀಕು ಹಾಕಿ."

ಲವೋನ್ ಬರೆದಳು. ಮೂವತ್ತೊಂದು ವರ್ಷ ಇನ್ನೊಬ್ಬರ ಮಾತನ್ನೇ ಬರೆದ ಕೈ, ಅಕ್ಷರ ಮಾತ್ರ ಮುತ್ತಿನ ಹಾಗೆ.

"ಯಾಕೆ ಅನ್ನೋದೂ ಬರೀರಿ," ಎಂದಳು ಯಾರೆಲಿ.

"ಮರೆತೆ ಅಂತ..."

"ಮರೆತ್ರಾ?"

ಗೋಡೆಯ ಗಡಿಯಾರ ನಾಲ್ಕು ಇಪ್ಪತ್ತು ತೋರಿಸುತ್ತಿತ್ತು. ಮರೆತೆ ಎಂದು ಬರೆದರೆ ಅದೇನು ಸುಳ್ಳಲ್ಲ. ಮುಪ್ಪು, ಜ್ವರ, ಒಡೆದ ಕೊಳವೆ. ಯಾರೂ ಮುಂದೆ ಕೇಳುವುದಿಲ್ಲ. ಪೆನ್ನಿನ ತುದಿ ಹಾಳೆಯ ಮೇಲೆ ಊರಿ ಒಂದು ನೀಲಿ ಚುಕ್ಕೆ ದೊಡ್ಡದಾಗುತ್ತ ಹೋಯಿತು. ಆಮೇಲೆ ಅವಳು ಬಗ್ಗಿ ಬೇಗ ಬೇಗ ನಾಲ್ಕು ಸಾಲು ಬರೆದಳು, ಯಾರೋ ಹಿಂದಿನಿಂದ ಅಟ್ಟಿಸಿಕೊಂಡು ಬಂದಂತೆ, ಸಹಿ ಹಾಕಿದಳು. ಹಾಳೆಯನ್ನು ಹುಡುಗಿಯ ಕಡೆ ತಳ್ಳುವಾಗ ಅವಳಿಗೆ ವಿಚಿತ್ರವಾದ ಒಂದು ಆಸೆ ಹುಟ್ಟಿತು: 'ಓದು, ಓದಿ ನನ್ನ ಮುಖ ನೋಡು' ಎಂದು. ಆ ಕಾರಣವನ್ನು ಅವಳು ಈ ಜನ್ಮದಲ್ಲಿ ಮೈಲೋಗೂ ಹೇಳುತ್ತಿರಲಿಲ್ಲ. ಹುಡುಗಿ ಓದಲಿಲ್ಲ. ಹೊತ್ತಿರಲಿಲ್ಲ. ಹಾಳೆ, ಫಾರಂ ಎರಡನ್ನೂ ಎತ್ತಿಕೊಂಡು ನಿರ್ದೇಶಕರ ಬಾಗಿಲು ತಟ್ಟಿ ಒಳಗೆ ಹೋದಳು.

ನಡುವೆ ಇದ್ದದ್ದು ಇಟ್ಟಿಗೆಯ ಗೋಡೆಯಲ್ಲ, ಪ್ಲೈವುಡ್ಡು. ಅದರ ಆಚೆ ಬ್ರೂಸ್ಟರ್ ಸೀನಿದರೆ ಈಚೆ ಲವೋನ್ ಮೂಗೊರೆಸಿಕೊಳ್ಳುವಷ್ಟು ತೆಳ್ಳಗೆ. ಮೊದಲು ಹುಡುಗಿಯ ದನಿ, ಚಿಕ್ಕದಾಗಿ, ಒಂದೇ ಸಮನೆ. ಕಾಗದ ಮಗುಚಿದ ಸದ್ದು. ಆಮೇಲೆ ಬ್ರೂಸ್ಟರ್ ಓದತೊಡಗಿದರು, ಮೆಲ್ಲಗೆ, ತಮಗೆ ತಾವೇ ಓದಿಕೊಳ್ಳುವವರ ಹಾಗೆ. ಲವೋನ್ ತನ್ನದೇ ವಾಕ್ಯವನ್ನು ಅವರ ಬಾಯಲ್ಲಿ ಕೇಳಿದಳು: 'ಆ ದಿನ ನಾನು ಇಲ್ಲಿ ಓದುವಾಗ ಯಾವ ಪಾಠ ಇಷ್ಟವಿತ್ತೆಂದು ಈ ವಿದ್ಯಾರ್ಥಿನಿ ಕೇಳಿದಳು. ಡಾಕ್ಟರ್ ಬ್ರೂಸ್ಟರ್ ನನ್ನನ್ನು ಬಾಯ್ಲರಿಗೆ ಹೋಲಿಸಿ ನಗಾಡಿದರು. ನನಗೆ ಅವಮಾನವಾಯಿತು. ಅದಕ್ಕೆ ಇವಳನ್ನು ಇನ್ನೊಂದು ಸಲ ಮೆಟ್ಟಿಲು ಹತ್ತಿಸಬೇಕೆಂದು ಫಾರಂ ಇಟ್ಟುಕೊಂಡೆ.' ಇಷ್ಟು ಸಣ್ಣದಾ ಅದು? ಅವರ ದನಿಯಲ್ಲಿ ಕೇಳಿದಾಗ ಮಕ್ಕಳು ಬರೆದ ಚೀಟಿಯ ಹಾಗಿತ್ತು. ನಾಲ್ಕು ತಿಂಗಳು ತನಗೇ ತಿಳಿಯದೆ ಎದೆಯೊಳಗೆ ಅಡ್ಡ ಬೆಳೆದು ಆಕಾಶ ಮುಟ್ಟಿದ್ದು, ಹಾಳೆಯ ಮೇಲೆ ನಾಲ್ಕೇ ಸಾಲು.

"ನಾನು ಕೇಳಿದ್ನಾ?" ಎಂದಳು ಯಾರೆಲಿ ಗೋಡೆಯ ಆಚೆ. ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಬೆರಗಿತ್ತು. "ಯಾವಾಗ? ನನಗೆ ನೆನಪೇ ಇಲ್ವಲ್ಲ."

"ನನಗೂ ಇಲ್ಲಮ್ಮ," ಎಂದರು ಬ್ರೂಸ್ಟರ್. "ಬಾಯ್ಲರಾ? ನಾನು ಅಂದ್ನಾ ಹಾಗೆ?"

ಅವರಿಬ್ಬರೂ ಸ್ವಲ್ಪ ಹೊತ್ತು ನೆನಪಿಸಿಕೊಳ್ಳಲು ನೋಡಿದರು. ಪ್ರಾಮಾಣಿಕವಾಗಿಯೇ ನೋಡಿದರು. ಆಮೇಲೆ ಬಿಟ್ಟರು. ಕಚೇರಿಯ ತಪ್ಪಾದ್ದರಿಂದ ಮುಖ್ಯಸ್ಥರ ಬದಲು ತಾವೇ ಸಹಿ ಹಾಕಬಹುದು ಎಂದು ಬ್ರೂಸ್ಟರ್ ನಿಯಮದ ಪುಸ್ತಕ ಹುಡುಕಿ ಓದಿ ಹೇಳಿದ್ದು, ಪೆನ್ನು ಗೀಚಿದ್ದು, ಎಲ್ಲ ಕೇಳಿಸಿತು. ಲವೋನ್ ಟೈಪ್‌ರೈಟರಿನ ಎದುರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು, ತನ್ನ ಸರದಿಗೆ ಕಾಯುವವಳ ಹಾಗೆ.

ಬ್ರೂಸ್ಟರ್ ಹೊರಗೆ ಬಂದರು. ಅವರು ತಮಾಷೆ ಮಾಡಲಿಲ್ಲ. ಕಣ್ಣಿಗೆ ಕಣ್ಣು ಸೇರಿಸಲೂ ಇಲ್ಲ.

"ಲವೋನ್, ಒಂದು ಹೆಸರು ಸೇರಿಸ್ಬೇಕು. ಪಟ್ಟಿ ಹೊಸದಾಗಿ ಟೈಪ್ ಮಾಡಿ." ಒಂದು ಹೆಜ್ಜೆ ಹೋದವರು ನಿಂತರು. "ಈ ಕಾಗದ ನನ್ನ ಹತ್ರ ಇರುತ್ತೆ."

ಹಾಳೆ ಸುತ್ತಿ ಶುರುಮಾಡಿದಳು. ಓನೀಲ್ ಆದಮೇಲೆ, ಪೀಟರ್ಸನ್‌ಗೆ ಮುಂಚೆ, ಒಂತಿವೆರೋಸ್. ಯಾರೆಲಿ ಹೋಗಿರಲಿಲ್ಲ. ಕುರ್ಚಿಯ ಹಿಂದೆ ನಿಂತು, ಲವೋನ್‌ನ ಭುಜದ ಮೇಲಿಂದ ಒಂದೊಂದು ಅಕ್ಷರವೂ ಬೀಳುವುದನ್ನು ನೋಡುತ್ತಿದ್ದಳು. ಅವಳ ಉಸಿರು ಲವೋನ್‌ನ ಕಿವಿಗೆ ತಾಕುತ್ತಿತ್ತು. ನಾಲ್ಕು ಐವತ್ತಕ್ಕೆ ಬ್ರೂಸ್ಟರ್ ಪಟ್ಟಿಗೆ ಸಹಿ ಹಾಕಿ ಬಾಗಿಲು ಹಾಕಿಕೊಂಡರು. ಲವೋನ್ ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ಎದ್ದು ಕೋಟಿಗೆ ಕೈ ಚಾಚಿದಳು.

"ರಿಜಿಸ್ಟ್ರಾರ್ ಆಫೀಸು ನನ್ನ ದಾರೀಲೇ," ಎಂದಳು. "ಪ್ರತಿ ವರ್ಷ ನಾನೇ ಕೊಡೋದು. ನಾನು ಕೊಟ್ಟು ಹೋಗ್ತೀನಿ ಕೂಸೇ."

"ಬೇಡ," ಎಂದಳು ಯಾರೆಲಿ, ಕೈ ಒಡ್ಡಿ. "ನಾನೇ ತಗೊಂಡು ಹೋಗ್ತೀನಿ."